ಎಡಗೈಯ ಇಬ್ಬನಿ

ಚಿಕುವ ಅಂಗಡಿಯ ತೊಕುಜಿಗೆ ಗೊತ್ತಿರುವುದು ಎರಡೇ ವಿದ್ಯೆ, ಎರಡೂ ಕೊಳವೆಯವೇ ಎಂದು ಶಿಯೊಮಿ ಕೇರಿಯ ಜನ ಹೇಳುತ್ತಾರೆ. ವರ್ಷವಿಡೀ ಅವನು ಅರೆದ ಮೀನನ್ನು ಕೋಲಿಗೆ ಮೆತ್ತಿ, ಕೆಂಡದ ಮೇಲೆ ಉರುಳಿಸಿ ಸುಟ್ಟು, ಕೋಲು ಎಳೆದು ತೆಗೆದು, ನಡುವೆ ತೂತಿರುವ ಚಿಕುವ ಮಾಡುತ್ತಾನೆ. ಬೇಸಿಗೆ ಬಂತೆಂದರೆ ತೊಡೆ ದಪ್ಪದ ಬಿದಿರು ಕಡಿದು, ಗೆಣ್ಣು ಒಡೆದು, ಮದ್ದು ತುಂಬಿ, ಕೇರಿ ದೇವರ ಹಬ್ಬದ ಸಂಜೆ ಅದನ್ನು ಪಕ್ಕೆಗೆ ಅವುಚಿ ಹಿಡಿದು ಆಕಾಶಕ್ಕೆ ಬೆಂಕಿ ಉಗುಳಿಸುತ್ತಾನೆ. ಮೊದಲನೆಯದನ್ನು ತಿಂದವರು ಹೊಗಳುತ್ತಾರೆ. ಎರಡನೆಯದನ್ನು ಅವನೇ ಹೊಗಳಿಕೊಳ್ಳುತ್ತಾನೆ.

ಈ ಬೆಂಕಿನಳಿಗೆಗೆ ಕೇರಿಯಲ್ಲಿ ಒಂದು ಕಟ್ಟಳೆ ಇದೆ. ಕಟ್ಟಿದವರೇ ಹಿಡಿಯಬೇಕು. ಬಿದಿರಿಗೆ ಹುಲ್ಲುಚಾಪೆ ಸುತ್ತಿ, ಅದರ ಮೇಲೆ ಹಗ್ಗವನ್ನು ಸುತ್ತಿಗೂ ಸುತ್ತಿಗೂ ನಡುವೆ ಉಗುರು ತೂರದ ಹಾಗೆ ಬಿಗಿಯಬೇಕು. ಹಗ್ಗ ಸಡಿಲಾದರೆ ಬಿದಿರು ಸೀಳುತ್ತದೆ, ಸೀಳಿದರೆ ಹಿಡಿದವನ ಎದೆಯ ಮೇಲೇ ಸೀಳುತ್ತದೆ. ಒಬ್ಬರ ಉದಾಸೀನವನ್ನು ಇನ್ನೊಬ್ಬರು ಎದೆಗೆ ಅವುಚಿಕೊಳ್ಳುವುದು ಬೇಡ ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ಹಾಗಾಗಿ ಪ್ರತಿ ನಳಿಗೆಗೂ ಕಿಡಿ ತಾಗಿಸುವ ಮೊದಲು ನಳಿಗೆ ಹಿಡಿಯುವವರ ಗುಂಪಿನ ಯಜಮಾನ ಎದ್ದು ನಿಂತು ಕೂಗುತ್ತಾನೆ: ಕಟ್ಟಿದವರು ಇಂಥವರು, ಹಿಡಿಯುವವರು ಇಂಥವರು. ಎರಡು ಸಲವೂ ಒಂದೇ ಹೆಸರು.

ಮನೆತನದ ಹೆಸರೂ ಸೇರಿಸಿ ಶಿರಾಯಿ ತೊಕುಜಿ ಎಂದು ಕೂಗುವಾಗ ಮಾತ್ರ ದೇವಸ್ಥಾನದ ಅಂಗಳದ ತುಂಬ ಜನಕ್ಕೆ ಕೆಮ್ಮು ಬರುತ್ತದೆ. ಅವನ ಮದುವೆಯಾದ ವರ್ಷದಿಂದಲೂ ಹೀಗೇ. ಹೊಗೆಗೆ ಕೆಮ್ಮುತ್ತಾರೆ ಎಂದು ಅವನು ತಿಳಿದಿದ್ದ.

ಅವನ ಕೈಗೆ ಮೀನು ಒಲಿದ ಹಾಗೆ ಹಗ್ಗ ಒಲಿಯಲಿಲ್ಲ. ಮದುವೆಯಾದ ಮೊದಲ ಬೇಸಿಗೆ ಅವನು ಇಡೀ ಸಂಜೆ ಬೆವರು ಸುರಿಸಿ ಸುತ್ತಿದ ತನ್ನ ಮೊಟ್ಟಮೊದಲ ನಳಿಗೆಯನ್ನು ಎತ್ತಿ ನಿಲ್ಲಿಸಿದರೆ, ಹಗ್ಗವೆಲ್ಲ ಲಾಡಿ ಬಿಚ್ಚಿದ ಚಡ್ಡಿಯಂತೆ ಕೆಳಗೆ ಜಾರಿ ಕೂತಿತು. ಹೊಸ ಹೆಂಡತಿ ಸುಮಿಯೊ ನೋಡಿದಳು. ಅವಳ ತವರು ಕಡಲ ಕಡೆ, ಬಲೆ ಹೆಣೆಯುವವರ ಮನೆ. ನೆಟ್ಟಗಿಲ್ಲದ ಗಂಟನ್ನು ಕಂಡರೆ ಆ ಮನೆಯವರಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮಾರನೆಯ ಬೆಳಗ್ಗೆ ತೊಕುಜಿ ಮೀನು ಮಂಡಿಗೆ ಹೋಗಿ ಬರುವಷ್ಟರಲ್ಲಿ, ಹಿತ್ತಲಲ್ಲಿದ್ದ ನಳಿಗೆಯ ಹಗ್ಗ ಬೆರಳು ತಟ್ಟಿದರೆ ಠಣ್ಣೆನ್ನುವ ಹಾಗೆ ಬಿಗಿದುಕೊಂಡಿತ್ತು.

ತೊಕುಜಿ ಅದನ್ನು ತಟ್ಟಿ ನೋಡಿದ, ತಿರುಗಿಸಿ ನೋಡಿದ, ಆಮೇಲೆ ಯಾಕೋ ಆಕಾಶ ನೋಡಿದ. ಒಳಗೆ ಬಂದು ಊಟದ ಮಣೆಯ ಮುಂದೆ ಕೂತು, ರಾತ್ರಿ ಇಬ್ಬನಿ ಚೆನ್ನಾಗಿ ಬಿದ್ದಿದೆ, ಹಗ್ಗ ಬಿಗಿದುಕೊಂಡಿದೆ ಎಂದ. ಹೌದು, ಚೆನ್ನಾಗಿಯೇ ಬಿದ್ದಿದೆ ಎಂದು ಸುಮಿಯೊ ಅವನ ಬಟ್ಟಲಿಗೆ ಹುದುಗಿಸಿದ ಸೋಯಾದ ಮಿಸೊ ಸಾರು ಬಡಿಸಿದಳು. ಅಲ್ಲಿಗೆ ಆ ಮಾತು ಮುಗಿಯಿತು. ಮುಂದಿನ ವರ್ಷವೂ ಇಬ್ಬನಿ ಬಿತ್ತು. ಅದರ ಮುಂದಿನ ವರ್ಷವೂ ಬಿತ್ತು. ಒಂದು ವರ್ಷ ಬೇಸಿಗೆಯ ಮಳೆಯೇ ಬರದೆ ಗದ್ದೆಗಳು ಬಿರುಕು ಬಿಟ್ಟಾಗಲೂ ತೊಕುಜಿಯ ಹಿತ್ತಲಲ್ಲಿ ಇಬ್ಬನಿಗೆ ಬರಗಾಲ ಬರಲಿಲ್ಲ.

ಇಷ್ಟರಲ್ಲೇ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ತೊಕುಜಿ ಸುಮ್ಮನಿರುವ ಜಾತಿಯಲ್ಲ. ನಳಿಗೆ ಕಟ್ಟಲು ಕಲಿಯುವ ಹುಡುಗರನ್ನು ಕೂರಿಸಿಕೊಂಡು, ಹಗ್ಗವನ್ನು ಮೊದಲು ಸ್ವಲ್ಪ ಸಡಿಲವಾಗಿಯೇ ಸುತ್ತಬೇಕು, ಮಿಕ್ಕಿದ್ದನ್ನು ಇಬ್ಬನಿ ನೋಡಿಕೊಳ್ಳುತ್ತದೆ ಎಂದು ಪಾಠ ಹೇಳಿದ. ಅವನ ಮಾತು ನಂಬಿ ತೋಫು ಅಂಗಡಿಯ ಹುಡುಗ ತನ್ನ ನಳಿಗೆಯನ್ನು ಒಂದು ವಾರ ಹಿತ್ತಲಲ್ಲಿಟ್ಟ. ಹಗ್ಗಕ್ಕೆ ಬೂಷ್ಟು ಹಿಡಿಯಿತೇ ಹೊರತು ಬಿಗಿಯಲಿಲ್ಲ. ನಮ್ಮ ಮನೆಯಲ್ಲಿ ಇಬ್ಬನಿ ಕೆಲಸ ಮಾಡೋದಿಲ್ಲ ಮಾಮ ಎಂದು ಅವನು ಬಂದು ಹೇಳಿದಾಗ, ಹಿತ್ತಲು ಪೂರ್ವಕ್ಕಿರಬೇಕು ಕಣಯ್ಯ ಎಂದು ತೊಕುಜಿ ಗಂಭೀರವಾಗಿ ತಿಳಿಸಿದ. ಅಂದಿನಿಂದ ಕೇರಿಯ ಹುಡುಗರು ಚಿಕುವ ಕೊಳ್ಳಲು ಬಂದಾಗಲೆಲ್ಲ, ಮನೆಯಲ್ಲಿ ಇಬ್ಬನಿ ಆರೋಗ್ಯವಾಗಿದೆಯೇ ಎಂದು ಕೇಳುವುದು ರೂಢಿಯಾಯಿತು. ಈ ಕಾಲದ ಹುಡುಗರಿಗೂ ಹವಾಮಾನದ ಮೇಲೆ ಎಷ್ಟು ಆಸಕ್ತಿ ಎಂದು ತೊಕುಜಿ ಸಂತೋಷಪಟ್ಟ.

ಒಂದು ಮಾತು ಒಪ್ಪಬೇಕು. ನಳಿಗೆ ಹಿಡಿದು ನಿಲ್ಲುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ತಲೆಯ ಮೇಲೆ ಕಿಡಿಗಳ ಮಳೆ ಸುರಿದು, ಕೊನೆಗೆ ತಳದಲ್ಲಿ ತುಂಬಿದ ಬಾಲದ ಮದ್ದು ಕಾಲ ಬಳಿಯೇ ಢಮ್ಮೆಂದು ಸಿಡಿಯುವಾಗ ಎಂಥ ಗಂಡಸೂ ಒಂದು ಸಲ ಕಾಲೆತ್ತುತ್ತಾನೆ. ಕಾಲೆತ್ತಿದವನನ್ನು ಕೇರಿಯವರು ಮುಂದಿನ ಹಬ್ಬದವರೆಗೂ ಬಿಡುವುದಿಲ್ಲ. ತೊಕುಜಿಯ ಕಾಲು ಒಂದು ವರ್ಷವೂ ಅಲುಗಿರಲಿಲ್ಲ. ಉರಿದು ಕಪ್ಪಾದ ನಳಿಗೆಯನ್ನು ಮಾರನೆಯ ದಿನ ಮನೆ ಬಾಗಿಲಿಗೆ ಕಟ್ಟಿದರೆ ಬೆಂಕಿಯ ಭಯವೂ ಕೆಡುಕೂ ಒಳಗೆ ಬರುವುದಿಲ್ಲ ಎಂದು ನಂಬಿಕೆ. ಬೇರೆಯವರು ಹೊಸದು ಕಟ್ಟುವಾಗ ಹಳೆಯದನ್ನು ಇಳಿಸುತ್ತಾರೆ. ತೊಕುಜಿ ಒಂದನ್ನೂ ಇಳಿಸಿದವನಲ್ಲ. ಅಂಗಡಿಯ ಸೂರಿನ ಕೆಳಗೆ, ಹೆಸರಿನ ಹಲಗೆಯ ಮೇಲ್ಗಡೆ, ಎಲ್ಲವನ್ನೂ ಸಾಲಾಗಿ ನೇತುಹಾಕಿದ್ದ.

ಈ ವರ್ಷ ಹಬ್ಬ ಹತ್ತಿರ ಬಂದಾಗ ಅವನು ಮಂಡಿಯಲ್ಲಿ ಮೀನಿನ ಪೆಟ್ಟಿಗೆ ಹೊತ್ತು ಜಾರಿಬಿದ್ದ. ಬಲಭುಜ ಊದಿಕೊಂಡಿತು. ತೂಕ ಎತ್ತಕೂಡದು, ಈ ಬೇಸಿಗೆಯಂತೂ ಸಾಧ್ಯವೇ ಇಲ್ಲ ಎಂದು ವೈದ್ಯರು ಹೇಳಿದರು. ತೊಕುಜಿ ಅದನ್ನು ಹೆಂಡತಿಗೆ ಹೇಳುವಾಗ ಈ ಬೇಸಿಗೆ ಎಂಬುದನ್ನು ಈ ವಾರ ಎಂದು ತಿದ್ದಿ ಹೇಳಿದ. ಅಂಗಡಿಯ ಬಾಗಿಲಿಗೆ ಪರದೆ ತೂಗುಹಾಕಲು ಕೈ ಏಳದೆ, ಗಾಳಿ ಬರಲಿ ಎಂದು ಹಾಕಲಿಲ್ಲ ಎಂದ. ಯಾರೂ ಇಲ್ಲದಾಗ ಮಿಸೊ ಪೀಪಾಯಿ ಎತ್ತಿ ನೋಡಿ, ಹಲ್ಲು ಕಚ್ಚಿಕೊಂಡು ಇಳಿಸಿದ. ಅಂದು ಸಂಜೆ ಸುಮಿಯೊ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ತಂದು, ಅವನ ಭುಜದ ಮೇಲೆ ಹಾಕಿ ಹೋದಳು.

ಒಂದೇ ಕೈಯಲ್ಲಿ ಅವನು ಆ ವರ್ಷದ ನಳಿಗೆಗೆ ಹಗ್ಗ ಸುತ್ತಿದ. ಅದನ್ನು ಸುತ್ತಿದ್ದು ಎನ್ನುವುದಕ್ಕಿಂತ ಹೊದಿಸಿದ್ದು ಎನ್ನಬೇಕು. ಬೆಳಗ್ಗೆ ಇಬ್ಬನಿ ಎಂದಿನಂತೆ ತನ್ನ ಕೆಲಸ ಮಾಡಿತ್ತು.

ಮದ್ದು ತುಂಬುವ ದಿನ ಎಲ್ಲರೂ ತಮ್ಮ ತಮ್ಮ ನಳಿಗೆ ಹಿಡಿದು ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ಕೂತಿದ್ದರು. ತೊಕುಜಿ ಎಡಗೈಯಲ್ಲಿ ಮದ್ದು ಜಡಿಯುವುದನ್ನು ಇನಗಾಕಿ ದೂರದಿಂದ ನೋಡಿದ. ಇನಗಾಕಿ ಕೇರಿಯ ಕ್ಷೌರಿಕ, ನಳಿಗೆ ಗುಂಪಿನ ಯಜಮಾನ, ತೊಕುಜಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಕೆಲಸ ಮುಗಿದು ಮಿಕ್ಕವರು ನಳಿಗೆಗಳನ್ನು ಸಾಲಾಗಿ ಒರಗಿಸಿ ಬಾರ್ಲಿ ಟೀ ಕುಡಿಯಲು ಹೋದಾಗ ಅವನು ಹತ್ತಿರ ಬಂದ.

"ಬಲಗೈ ಎತ್ತು ನೋಡೋಣ."

"ಯಾಕೆ, ಕಂಕುಳು ಬೋಳಿಸ್ತೀಯಾ?"

"ಎತ್ತೋ."

ಕೈ ಎದೆಯವರೆಗೆ ಬಂದು ನಿಂತಿತು. ತೊಕುಜಿಯ ಹಣೆಯಲ್ಲಿ ಬೆವರು ಮೂಡಿತು. ತೋಫು ಅಂಗಡಿಯ ಹುಡುಗ ತನ್ನ ಬದಲು ಹಿಡಿಯಲಿ, ಒಂದು ವರ್ಷಕ್ಕೆ ಅಷ್ಟು ಬಿಟ್ಟುಕೊಡು ಎಂದು ಅವನು ಕೇಳಿಕೊಂಡ. ಆಗುವುದಿಲ್ಲ ಎಂದು ಇನಗಾಕಿ ತಲೆ ಆಡಿಸಿದ. ಕಟ್ಟಿದವರು ಹಿಡಿಯದಿದ್ದರೆ ಮದ್ದು ಸುರಿದು ಬರಿ ಬಿದಿರನ್ನು ಮನೆಗೆ ಒಯ್ಯಬೇಕು, ಕಟ್ಟಳೆ ನಿನಗೆ ಗೊತ್ತಿಲ್ಲದ್ದೇ ಎಂದ.

ಅಪ್ಪ ಸತ್ತ ವರ್ಷವೂ ಸೂತಕ ಕಳೆಯುತ್ತಲೇ ಬಂದು ಹಿಡಿದವನು ತೊಕುಜಿ. ಹಬ್ಬದ ಸಂಜೆ ಎಲ್ಲರ ಜೊತೆ, ಜನರನ್ನು ತಡೆಯಲು ಕಟ್ಟಿದ ಹಗ್ಗದ ಆಚೆ ನಿಂತು ನೋಡುವುದು, ಮಾರನೆಯ ಬೆಳಗ್ಗೆ ಬಾಗಿಲಲ್ಲಿ ಹೊಸ ನಳಿಗೆ ಇಲ್ಲದಿರುವುದು, ಇದನ್ನು ನೆನೆದರೇ ತಾನು ಬರೀ ಮೀನು ಸುಡುವ ಮುದುಕ ಎನ್ನಿಸಿತು. ಅವನ ಮುಖ ನೋಡಿ ಇನಗಾಕಿಯ ದನಿ ಮೆತ್ತಗಾಯಿತು.

"ಕಟ್ಟಿದವರು ಹಿಡಿಯಲಿ ಅಂತಲೇ ನಾನೂ ಹೇಳ್ತಿರೋದು. ಅಲ್ಲಿ ನೋಡು. ಹಗ್ಗ ಎಲ್ಲಾ ಯಾವ ಕಡೆಗೆ ಓರೆ ಆಗಿದೆ?"

ತೊಕುಜಿ ನೋಡಿದ. ಸಾಲಿನಲ್ಲಿದ್ದ ಎಲ್ಲ ನಳಿಗೆಗಳ ಹಗ್ಗವೂ ಬಲಕ್ಕೆ ಓರೆಯಾಗಿ ಮೇಲೇರಿತ್ತು. ತನ್ನದೊಂದು ಮಾತ್ರ ಎಡಕ್ಕೆ ಏರಿತ್ತು.

"ನೀನು ಯಾವ ಕೈಯವನು?"

"ಬಲಗೈ."

"ನಿನ್ನ ಇಬ್ಬನಿ ಎಡಚಿ ಕಣಯ್ಯ."

ತೊಕುಜಿ ಆ ಹಗ್ಗದ ಓರೆಯ ಮೇಲೆ ಬೆರಳಾಡಿಸಿದ. ಆಮೇಲೆ, ಇದು ಯಾರ್ಯಾರಿಗೆ ಗೊತ್ತು ಎಂದು ಸಣ್ಣ ದನಿಯಲ್ಲಿ ಕೇಳಿದ.

"ಗೊತ್ತಿಲ್ಲದೋರು ಯಾರು ಅಂತ ಕೇಳು. ಬೇಗ ಮುಗಿಯುತ್ತೆ."

"ಹಾಗಾದ್ರೆ ಆ ಕೆಮ್ಮು?"

"ಕಿಡಿ ಇಡೋಕೆ ಮುಂಚೆ ಹೊಗೆ ಎಲ್ಲಿಂದ ಬರುತ್ತೋ?"

ಮನೆಗೆ ಬಂದವನು ಒಳಗೆ ಹೋಗದೆ ಅಂಗಡಿಯ ಮುಂದೆ ನಿಂತು ತಲೆ ಎತ್ತಿದ. ಸೂರಿನ ಕೆಳಗೆ ಅಷ್ಟೂ ವರ್ಷದ ನಳಿಗೆಗಳು ತೂಗುತ್ತಿದ್ದವು. ಅಷ್ಟರ ಹಗ್ಗವೂ ಎಡಕ್ಕೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು ಎನ್ನುತ್ತಾರೆ. ಈ ಬೆಕ್ಕು ಕುಡಿದ ಬಟ್ಟಲುಗಳನ್ನೂ ಬಾಗಿಲಿಗೆ ತೂಗುಹಾಕಿ ದಾರಿಯಲ್ಲಿ ಹೋಗುವವರಿಗೆಲ್ಲ ತೋರಿಸಿತ್ತು.

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲವೇ? ತನ್ನ ಗೊರಕೆಯ ವಿಷಯ ಮನುಷ್ಯನಿಗೆ ಎಷ್ಟು ಗೊತ್ತಿರುತ್ತದೋ ಅಷ್ಟು ಗೊತ್ತಿತ್ತು.

ಸುಮಿಯೊ ತಣ್ಣನೆಯ ಶಾವಿಗೆ ಬಡಿಸಿ ಎದುರು ಕೂತಳು. ತೊಕುಜಿ ಶಾವಿಗೆಯನ್ನು ಊಟದ ಕಡ್ಡಿಯಲ್ಲಿ ಎತ್ತುವುದು, ಬಿಡುವುದು ಮಾಡಿದ. ಮೊದಲು ಅವನಿಗೆ ಸಿಟ್ಟು ಬಂದಿತ್ತು. ದಾರಿಯಲ್ಲಿ ಬರುತ್ತ ಆ ಸಿಟ್ಟನ್ನು ಯಾರ ಮೇಲೆ ಇಳಿಸುವುದು ಎಂದು ಹುಡುಕಿ, ಯಾರೂ ಸಿಗದೆ ಮನೆಗೆ ತಂದಿದ್ದ.

"ಇಬ್ಬನಿ ವಿಷಯ ಕೇರಿಗೆಲ್ಲ ಗೊತ್ತಂತೆ" ಎಂದ.

"ಅವರಿಗೆ ಗೊತ್ತು ಅಂತ ನಂಗೆ ಗೊತ್ತಿತ್ತು ರೀ. ನಿಮಗೆ ಗೊತ್ತೋ ಇಲ್ವೋ ಅನ್ನೋದೇ ತಿಳೀತಿರಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ನೀವು ಇಬ್ಬನಿ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡ್ತಿದ್ರಿ. ನಡುವೆ ಬಾಯಿ ಹಾಕೋದು ಹೇಗೆ?"

ತೊಕುಜಿ ತಲೆ ತಗ್ಗಿಸಿ ಶಾವಿಗೆ ತಿಂದ. ಕಟ್ಟಿದವರೇ ಹಿಡಿಯಬೇಕಂತೆ ಎಂದು ಬಟ್ಟಲಿಗೆ ಹೇಳಿದ. ಇಲ್ಲದಿದ್ದರೆ ಈ ವರ್ಷ ಬಾಗಿಲಿಗೆ ನಳಿಗೆ ಇಲ್ಲ ಎಂದೂ ಬಟ್ಟಲಿಗೇ ಹೇಳಿದ. ಸುಮಿಯೊ ಕಾಯುತ್ತಿದ್ದಳು. ಕೇರಿಯಲ್ಲಿ ಹೆಂಗಸರು ನಳಿಗೆ ಹಿಡಿಯುವುದು ಹೊಸದೇನಲ್ಲ, ಅಕ್ಕಿ ಅಂಗಡಿಯ ಅಕ್ಕತಂಗಿಯರು ಆಗಲೇ ಹಿಡಿದಿದ್ದರು. ವರ್ಷವರ್ಷವೂ ಬೆಂಕಿಯ ಎಚ್ಚರಿಕೆ ಹೇಳಿಕೊಡುವ ಪಾಠಕ್ಕೆ ಟೀ ಒಯ್ದು ಕೊನೆಯ ಸಾಲಿನಲ್ಲಿ ಕೂರುವ ಸುಮಿಯೊಗೆ ಪಾಠ ಎಷ್ಟು ಬಾಯಿಪಾಠವೆಂದರೆ, ಹೇಳುವವರು ತಡವರಿಸಿದರೆ ಅವಳ ಮುಖ ನೋಡುತ್ತಿದ್ದರು.

"ನೀನು ಹಿಡೀತೀಯಾ?"

ಸುಮಿಯೊ ಎಡಗೈಯಲ್ಲಿದ್ದ ಕಡ್ಡಿಗಳನ್ನು ಕೆಳಗಿಟ್ಟಳು. ಅವಳ ಕಿವಿ ಕೆಂಪಾಯಿತು. ಈ ಪ್ರಶ್ನೆಗೆ ಅವಳು ಎಷ್ಟು ವರ್ಷದಿಂದ ಉತ್ತರ ಇಟ್ಟುಕೊಂಡಿದ್ದಳೋ ಏನೋ.

"ಹಿಡೀತೀನಿ. ಆದ್ರೆ ಹೆಸರು ಕೂಗೋದು ನೀವು."

"ಅದು ಇನಗಾಕಿ ಕೆಲಸ."

"ಇಷ್ಟು ವರ್ಷ ಅವರ ಬಾಯಲ್ಲಿ ಸುಳ್ಳು ಕೂಗಿಸಿದ್ದು ನೀವು. ನಿಜ ಕೂಗೋದೂ ನೀವೇ. ಇಲ್ಲಾಂದ್ರೆ ಮದ್ದು ಸುರಿದುಬಿಡಿ."

ಹಬ್ಬದವರೆಗಿನ ದಿನಗಳು ತೊಕುಜಿಗೆ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿದ ಹಾಗೆ ಕಳೆದವು. ಬೆಂಕಿ ಹಿಡಿದು ನಿಲ್ಲುವವನಿಗೆ ನಾಲ್ಕು ಮಾತು ಕೂಗುವುದೇನು ದೊಡ್ಡದು ಎಂದು ತನಗೆ ತಾನೇ ಹೇಳಿಕೊಂಡ. ಮೀನು ಅರೆಯುವ ಒರಳಿನ ಮುಂದೆ ಕೂತು ಅಭ್ಯಾಸವನ್ನೂ ಮಾಡಿದ. ಕಟ್ಟಿದವರು ಎನ್ನುವವರೆಗೆ ದನಿ ಗಟ್ಟಿಯಾಗಿ ಬರುತ್ತಿತ್ತು. ಹೆಂಡತಿಯ ಹೆಸರು ಬರುವಾಗ ಒಂದೋ ಕೆಮ್ಮು ಬರುತ್ತಿತ್ತು, ಇಲ್ಲವೇ ಗಿರಾಕಿ ಬರುತ್ತಿದ್ದರು.

ಹಬ್ಬದ ಸಂಜೆ ಅಂಗಳ ತುಂಬಿ ಮೆಟ್ಟಿಲುಗಳ ಮೇಲೂ ಜನ. ಒಂದೊಂದಾಗಿ ನಳಿಗೆಗಳು ಉರಿದವು, ಕಾಲೆತ್ತಿದವರನ್ನು ಜನ ಗುರುತಿಟ್ಟುಕೊಂಡರು. ತೊಕುಜಿಯ ಸರದಿ ಬಂದಾಗ ಇನಗಾಕಿ ತಾನು ನಿಂತಿದ್ದ ಕಲ್ಲಿನಿಂದ ಇಳಿದು ಪಕ್ಕಕ್ಕೆ ಸರಿದ. ತೊಕುಜಿ ಹತ್ತಿ ನಿಂತ. ಅಂಗಳದ ತುಂಬ ಜನ ಬಾಯಿಗೆ ಕೈ ಅಡ್ಡ ಇಟ್ಟು ಕೆಮ್ಮಲು ಸಿದ್ಧರಾದದ್ದು ಅವನಿಗೆ ಈ ಸಲ ಚೆನ್ನಾಗಿ ಕಂಡಿತು.

"ಕಟ್ಟಿದವರು" ಎಂದ. ದನಿ ನಿಂತಿತು.

ಸುಮಿಯೊ ಅವನದೇ ದಪ್ಪ ಅಂಗಿ ತೊಟ್ಟು, ತೋಳು ಮಡಿಸಿ, ತಲೆಗೆ ಬಟ್ಟೆ ಬಿಗಿದು ಅಂಗಳದ ನಡುವೆ ನಿಂತಿದ್ದಳು. ಅಂಗಿ ಅವಳಿಗೆ ದೊಗಲೆಯಾಗಿತ್ತು. ಅವಳು ಇವನ ಕಡೆ ನೋಡಲಿಲ್ಲ. ನಳಿಗೆಯ ಹಗ್ಗದ ಮೇಲೆ ಕೈ ಆಡಿಸಿ, ಕೊನೆಯ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಪ್ರತಿ ವರ್ಷ ಮನೆಯಿಂದ ಹೊರಡುವ ಮುನ್ನ, ಧೂಳು ಒರೆಸುವ ನೆಪದಲ್ಲಿ ಅವಳು ಹಾಗೆ ಒತ್ತಿ ನೋಡುತ್ತಿದ್ದದ್ದು ತೊಕುಜಿಗೆ ಈಗ ನೆನಪಾಯಿತು. ಅವನಿಗೆ ನಾಚಿಕೆಯಾಯಿತು. ಕೇರಿಯ ಮುಂದೆ ಆಗುವ ನಾಚಿಕೆ ಬೇರೆ, ಇದು ಬೇರೆ.

"ಕಟ್ಟಿದವರು ಶಿರಾಯಿ ಸುಮಿಯೊ" ಎಂದು ಕೂಗಿದ. "ಹಿಡಿಯುವವರು ಶಿರಾಯಿ ಸುಮಿಯೊ." ಅಷ್ಟಕ್ಕೆ ಇಳಿಯಬಹುದಿತ್ತು. ಇಳಿಯಲಿಲ್ಲ. "ಹೋದ ವರ್ಷದ್ದು ಕಟ್ಟಿದವರೂ ಸುಮಿಯೊ. ಅದರ ಹಿಂದಿನದೂ. ನಮ್ಮ ಬಾಗಿಲಲ್ಲಿ ತೂಗ್ತಿರೋದೆಲ್ಲಾ ಅವಳೇ ಕಟ್ಟಿದ್ದು."

ಯಾರೂ ಕೆಮ್ಮಲಿಲ್ಲ. ಬಾಯಿಗೆ ಇಟ್ಟ ಕೈಗಳು ಹಾಗೇ ಉಳಿದವು.

ಕಿಡಿ ತಾಗಿತು. ಮಲಗಿದ್ದ ನಳಿಗೆ ಬುಸುಗುಟ್ಟಿತು, ಸುಮಿಯೊ ಅದನ್ನು ಎತ್ತಿ ಎಡಪಕ್ಕೆಗೆ ಅವುಚಿ ನಿಂತಳು. ಬೆಂಕಿ ದೇವಸ್ಥಾನದ ಸೂರನ್ನು ಮೀರಿ ಎದ್ದು, ಮೇಲೆ ಬಿಚ್ಚಿಕೊಂಡು, ಅವಳ ತಲೆ, ಹೆಗಲು, ತೋಳಿನ ಮೇಲೆ ಸುರಿಯಿತು. ಆ ಬೆಂಕಿಯ ಒಳಗೆ ಅವಳು ಚಿಕ್ಕವಳಾಗಿ ಕಂಡಳು. ತೊಕುಜಿ ಹೊರಗೆ ನಿಂತು ತನ್ನ ಮನೆಯ ನಳಿಗೆ ಉರಿಯುವುದನ್ನು ನೋಡಿದ್ದು ಅದೇ ಮೊದಲು. ಒಳಗೆ ನಿಂತವನಿಗೆ ಅದು ಬರೀ ಬಿಸಿ, ಬರೀ ಸದ್ದು. ಹೊರಗಿನಿಂದ ನೋಡಿದರೆ ಅದು ಮನುಷ್ಯರನ್ನು ನುಂಗುವ ಹಾಗಿತ್ತು. ಹಗ್ಗ ಬಿಗಿಯಾಗಿರಲಿ ದೇವರೇ ಎಂದುಕೊಂಡ. ಆ ಹಗ್ಗಕ್ಕಿಂತ ಬಿಗಿಯಾದ ಹಗ್ಗ ಕೇರಿಯಲ್ಲೇ ಇರಲಿಲ್ಲ, ಆದರೂ ಮತ್ತೆ ಮತ್ತೆ ಬೇಡಿಕೊಂಡ. ಬೆಂಕಿ ಕುಗ್ಗತೊಡಗಿತು. ಇನ್ನು ಬಾಲದ ಮದ್ದು ಎಂದು ಅವನಿಗೆ ಗೊತ್ತಿತ್ತು, ಅದು ಗೊತ್ತಿದ್ದದ್ದರಿಂದಲೇ ಉಸಿರು ನಿಂತುಹೋಗಿತ್ತು.

ಢಮ್ಮೆಂದು ಸಿಡಿಯಿತು. ಸುಮಿಯೊ ಅಲುಗಲಿಲ್ಲ. ತೊಕುಜಿ ಕಲ್ಲಿನ ಮೇಲಿಂದ ಹಾರಿ ನೆಲದಲ್ಲಿ ಕುಕ್ಕರಿಸಿದ್ದ.

ಅಂಗಳವೆಲ್ಲ ಮೊದಲು ಸುಮಿಯೊಗೆ ಚಪ್ಪಾಳೆ ತಟ್ಟಿತು, ಆಮೇಲೆ ತೊಕುಜಿಯನ್ನು ನೋಡಿ ನಕ್ಕಿತು. ಕೊನೆಗೂ ಕಾಲೆತ್ತಿದೆಯಲ್ಲೋ, ಅದೂ ನಳಿಗೆ ಹಿಡಿಯದೇ ಎಂದು ಇನಗಾಕಿ ಅವನ ಎಡಗೈ ಹಿಡಿದು ಎಬ್ಬಿಸಿದ.

ಮಾರನೆಯ ಬೆಳಗ್ಗೆ ತೊಕುಜಿ ಮಂಡಿಯಲ್ಲಿ ಮೀನು ಕೊಳ್ಳುವುದನ್ನು ಬಿಟ್ಟು ಸಿಕ್ಕಿದವರಿಗೆಲ್ಲ ಹೆಂಡತಿಯ ಹಗ್ಗದ ಸುದ್ದಿ ಹೇಳಿದ. ಅದು ಅವರಿಗೆಲ್ಲ ಅವನಿಗಿಂತ ಮೊದಲೇ ಗೊತ್ತಿದ್ದ ಸುದ್ದಿ ಎಂಬುದು ಅವನಿಗೆ ಅಡ್ಡಿಯಾಗಲಿಲ್ಲ. ಮನೆಗೆ ಬಂದು ಸ್ಟೂಲು ಹತ್ತಿ, ಕಪ್ಪಾದ ಹೊಸ ನಳಿಗೆಯನ್ನು ಎಡಗೈಯಿಂದ ಸಾಲಿನ ಕೊನೆಗೆ ಸಿಕ್ಕಿಸಿದ. ಸುಮಿಯೊ ಸ್ಟೂಲು ಹಿಡಿದು ನಿಂತಿದ್ದಳು. ಅವಳ ಹುಬ್ಬಿನ ತುದಿ ಸುಟ್ಟು ಗುಂಗುರಾಗಿತ್ತು. ಮೇಲಿನಿಂದಲೇ ಅವನು ಕೇಳಿದ.

"ನೋಡ್ತಾ ನಿಲ್ಲೋದು ಪ್ರತಿ ವರ್ಷ ಹೀಗೇ ಇತ್ತಾ ನಿಂಗೆ?"

"ಇದಕ್ಕಿಂತ ಜಾಸ್ತಿ ರೀ. ಕಟ್ಟೋಳು ನಾನು, ಬಿಚ್ಚಿಕೊಂಡ್ರೆ ಸಾಯೋರು ನೀವು." ಅವಳು ಸ್ಟೂಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. "ನಿನ್ನೆ ಕಟ್ಟಿದ್ದೂ ನಾನೇ, ಹಿಡಿದಿದ್ದೂ ನಾನೇ. ಅದಕ್ಕೇ ಹೆದರಿಕೆ ಆಗ್ಲಿಲ್ಲ."

ತೊಕುಜಿ ಕೆಳಗಿಳಿಯುವುದನ್ನು ಮರೆತು ನಿಂತ. ತಾನು ಇಷ್ಟು ವರ್ಷ ಧೈರ್ಯ ಎಂದುಕೊಂಡು ಮೆರೆದದ್ದು ಈ ಗಂಟುಗಳ ಮೇಲಿನ ನಂಬಿಕೆ ಎಂದು ಅವನಿಗೆ ಹೊಳೆಯಿತು. ಅದನ್ನು ಹೇಳುವ ಬದಲು, ಮುಂದಿನ ವರ್ಷ ನನ್ನ ನಳಿಗೆ ನಾನೇ ಕಟ್ಟುತ್ತೇನೆ ಎಂದ.

"ಅಯ್ಯೋ, ಅದಕ್ಕೆ ಇನ್ನೂ ಹೆದರಿಕೆ ಆಗುತ್ತೆ ನಂಗೆ."

"ಹಾಗಾದ್ರೆ ಕಲಿಸು."

ಸುಮಿಯೊ ಹಿತ್ತಲಿಗೆ ಹೋಗಿ ಮಿಕ್ಕ ಹಗ್ಗದ ತುಂಡು ತಂದಳು. ಗಿರಾಕಿಗಳು ಬಂದು ಕಾದರು. ಅಂಗಡಿಯ ಮೆಟ್ಟಿಲ ಮೇಲೆ ಗಂಡ ಹೆಂಡತಿ ಕೂತಿದ್ದರು, ಅವನ ಬಲಗೈ ಕತ್ತಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ತೂಗುತ್ತಿತ್ತು, ಅವಳು ಅವನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ಹಗ್ಗದ ಮೇಲೆ ಇಡುತ್ತಿದ್ದಳು.